ಅಕ್ಕೋರು ಫೋನಿಗೆ ಹೇಳಿದ ಮಾತು

ಹೋದ ತಿಂಗಳು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಕೂತ ಹೆಂಗಸಿನ ಮುಡಿಯಲ್ಲಿ ಸುರಗಿ ದಂಡೆ ಇತ್ತು. ಹಿಂದಿನ ದಿನದ್ದಿರಬೇಕು, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಸುರಗಿ ಒಣಗಿದ ಮೇಲೂ ಘಮ ಬಿಡದ ಹೂವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಅಕ್ಕೋರ ಮೇಜಿನ ಖಾನೆ ಕಣ್ಣ ಮುಂದೆ ಬಂತು. ಅವರು ಸುರಗಿಯನ್ನು ಮುಡಿಯುತ್ತಿರಲಿಲ್ಲ, ಹಾಳೆಗಳ ನಡುವೆ ಇಡುತ್ತಿದ್ದರು. ನಾನು ಅವರಿಗಾಗಿ ಬರೆದ ಹಾಳೆಗಳ ನಡುವೆ...

ನಾನು ಹೊರಟದ್ದೂ ಅವರದೇ ಒಂದು ಕೆಲಸಕ್ಕೆ. ಐದು ವರ್ಷ ತಡವಾದ ಕೆಲಸ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲರೂ ಅಕ್ಕೋರೇ. ಆದರೆ ಕಾರವಾರದ ನಮ್ಮ ಕೇರಿಯಲ್ಲಿ ಆ ಹೆಸರಿಗೆ ಇದ್ದವರು ಇವರೊಬ್ಬರೇ. ಮದುವೆಯಾಗಿರಲಿಲ್ಲ. ಅಮದಳ್ಳಿ ಕಡೆಯ ಶಾಲೆಯೊಂದರಲ್ಲಿ ನಿವೃತ್ತರಾಗಿ, ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ರೇಡಿಯೋಕ್ಕೆ, ವಾರಪತ್ರಿಕೆಗೆ ಸಣ್ಣಸಣ್ಣ ಬರಹ ಕಳಿಸುವುದು ಅವರ ಹವ್ಯಾಸ. ಆಮೇಲೆ ಕೈ ನಡುಗುವ ಕಾಯಿಲೆ ಬಂತು. ಬಸಿಯಲ್ಲಿ ಚಹಾ ನಿಲ್ಲುತ್ತಿರಲಿಲ್ಲ, ಪೆನ್ನು ಹಿಡಿದರೆ ಅಕ್ಷರ ಊರೆಲ್ಲ ತಿರುಗುತ್ತಿತ್ತು. ಒಂದು ದಿನ ಪಾಗಾರದ ಗೋಡೆಯ ಆಚೆಯಿಂದ ನನ್ನನ್ನು ಕರೆದು, ಒಂದು ಪುಟ ಬರೆದುಕೊಡುತ್ತೀಯಾ ಎಂದು ಕೇಳಿದರು.

ನಾನು ಪಿಯುಸಿಯಲ್ಲಿ ಫೇಲಾಗಿ ಕೂತವಳು, ಏಳದೇ ಉಳಿದವಳು. ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದೆ. ನನ್ನಲ್ಲಿ ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ದುಂಡಗಿನ ಅಕ್ಷರ ಮಾತ್ರ. ಆ ಒಂದು ಪುಟ ನಾಲ್ಕು ವರ್ಷ ನಡೆಯಿತು. ಮಧ್ಯಾಹ್ನ ಮೂರು ಹೊಡೆಯುತ್ತಿದ್ದಂತೆ ಮಿಷನ್ ನಿಲ್ಲಿಸಿ ಅವರ ಮನೆಗೆ ಹೋಗುತ್ತಿದ್ದೆ. ನೇರ ಒಳಗೆ ಹೋಗಿ ಇಬ್ಬರಿಗೂ ಚಹಾ ಮಾಡಿಕೊಂಡು ಬಂದು ಕೂರುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಡುವೆ ನನಗೆ ಚಂದ ಕಂಡ ಶಬ್ದವೊಂದನ್ನು ಸೇರಿಸಿದರೂ ಅವರು ಗೊತ್ತಾಗದವರ ಹಾಗೆ ಇರುತ್ತಿದ್ದರು. ನಳದ ನೀರಿಗೆ ನಿಂತಾಗ ನಾನು ಹೆಂಗಸರ ಹತ್ತಿರ, ಇವತ್ತು ನಮ್ಮದು ರೇಡಿಯೋದಲ್ಲಿ ಬರುತ್ತದೆ ಎನ್ನುತ್ತಿದ್ದೆ. ನಮ್ಮದು! ಅಕ್ಕೋರ ಹೆಸರು ಹೇಳಿ ಓದುತ್ತಿದ್ದರು, ಆದರೂ ನನ್ನ ಕಿವಿಗೆ ಅದು ನಮ್ಮದೇ.

ಒಂದು ದೀಪಾವಳಿಗೆ ಹುಬ್ಬಳ್ಳಿಯಿಂದ ಅವರ ಅಣ್ಣನ ಮಗಳು ಬಂದಳು. ಒಳ್ಳೆಯ ಹುಡುಗಿ, ನನಗೂ ಒಂದು ಡಬ್ಬಿ ಪೇಡೆ ತಂದಿದ್ದಳು. ಹೋಗುವಾಗ ಅತ್ತೆಗೆ ಹೊಸ ಫೋನು ಕೊಟ್ಟು, ಅದರಲ್ಲಿ ಮಾತಾಡಿದ್ದನ್ನು ಬರೆದುಕೊಳ್ಳುವ ಆ್ಯಪ್ ಒಂದನ್ನು ಹಾಕಿಕೊಟ್ಟು ಹೋದಳು. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಸಾಕು, ಕನ್ನಡ ಅಕ್ಷರ ಒಂದರ ಹಿಂದೆ ಒಂದು ಮೂಡುತ್ತ ಹೋಗುತ್ತಿತ್ತು.

ಮರುದಿನ ಮೂರು ಗಂಟೆಗೆ ಹೋದರೆ ಅಕ್ಕೋರು ಆರಾಮ ಕುರ್ಚಿಯಲ್ಲಿ ಕೂತು ಫೋನಿನ ಹತ್ತಿರ ಮಾತಾಡುತ್ತಿದ್ದರು. ನನ್ನನ್ನು ಕಂಡು ಸುಮ್ಮನಿರು ಎಂದು ಕೈ ಮಾಡಿದರು. ಆ ಮನೆಯಲ್ಲಿ ನನ್ನನ್ನು ಯಾರೂ ಸುಮ್ಮನಿರಿಸಿದ್ದಿಲ್ಲ. ಮುಗಿಸಿ, ಕನ್ನಡಕ ಹಣೆಗೇರಿಸಿ ನಕ್ಕರು.

"ಏ ತಂಗಿ, ಇನ್ನು ನಿಂಗೆ ತ್ರಾಸಿಲ್ಲ ನೋಡು. ಬಾಯಿ ಬಿಟ್ರೆ ಸಾಕು, ತಾನೇ ಬರ್ಕಂತದೆ."

ತ್ರಾಸು! ನನಗೆ ತ್ರಾಸಾಗುತ್ತದೆ ಎಂದು ನಾನು ಯಾವತ್ತು ಹೇಳಿದ್ದೆ? ಅವತ್ತು ಅವರೇ ಎದ್ದು, ನಡುಗುವ ಕೈಯಲ್ಲೇ ನನಗೆ ಚಹಾ ಮಾಡಿ ತಂದರು. ನೆಂಟರಿಗೆ ಕೊಡುವ ಹಾಗೆ, ಜೊತೆಗೆ ಎರಡು ಬಿಸ್ಕಿಟು ಬೇರೆ. ನಾನು ಆ ಮನೆಗೆ ನೆಂಟಳಾಗಿಬಿಟ್ಟಿದ್ದೆ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎನ್ನುತ್ತಾರಲ್ಲ, ಹಾಗೆ.

ಹೊಟ್ಟೆ ಉರಿಯಿತು. ಸುಮ್ಮನೆ ಯಾಕೆ ಮುಚ್ಚಿಡಬೇಕು? ಮನೆಯಲ್ಲಿ ಪಾತ್ರೆ ಕುಕ್ಕುವುದು ನೋಡಿ ನಮ್ಮ ಯಜಮಾನರು, ಫೋನಿನ ಮೇಲೆ ಸವತಿ ಮತ್ಸರ ಮಾಡುವವಳನ್ನು ಇದೇ ಮೊದಲು ನೋಡಿದ್ದು ಎಂದು ನಕ್ಕರು. ವಾರದ ಮೇಲೆ ಅಕ್ಕೋರು ಫೋನನ್ನು ಕುತ್ತಿಗೆಗೆ ಹಾಕಿಕೊಳ್ಳಲು ಒಂದು ಚೀಲ ಹೊಲಿದುಕೊಡು ಎಂದರು. ನನ್ನ ಸವತಿಗೆ ನಾನೇ ಅಂಗಿ ಹೊಲಿಯಬೇಕು! ಹೊಲಿದೆ. ಒಂದು ಎಳೆಯಷ್ಟು ಬಿಗಿಯಾಗಿಯೇ ಹೊಲಿದೆ. ತೆಗೆದು ಹಾಕಲು ಸ್ವಲ್ಪ ಕಷ್ಟವಾಗಲಿ ಎಂದು.

ಆದರೆ ಅಕ್ಕೋರ ಕಣ್ಣಿಗೆ ಪೊರೆ ಬಂದಿತ್ತು. ಫೋನು ಬರೆದದ್ದು ಅವರಿಗೆ ಓದಲು ಆಗುತ್ತಿರಲಿಲ್ಲ. ಸರಿ ಬರೆದಿದೆಯೋ ಇಲ್ಲವೋ ನೋಡಿ ಹೇಳಲು ನಾನೇ ಬೇಕಾಯಿತು. ಬರೆಯುತ್ತಿದ್ದವಳು ಈಗ ಫೋನಿನ ತಪ್ಪು ತಿದ್ದುವವಳಾದೆ. ಒಂದು ಪುಟಕ್ಕೆ ನಾಲ್ಕೈದು ತಪ್ಪು ಇರುತ್ತಿತ್ತು. ಆ ನಾಲ್ಕೈದನ್ನು ನಾನು ಇಪ್ಪತ್ತರ ಹಾಗೆ ಹೇಳುತ್ತಿದ್ದೆ. ಅಕ್ಕೋರು, ಹೊಸತಲ್ಲವಾ, ಕಲಿಯುತ್ತದೆ ಬಿಡು ಎನ್ನುತ್ತಿದ್ದರು. ನನಗೆ ಒಂದು ದಿನವೂ ಹಾಗೆ ರಿಯಾಯಿತಿ ಕೊಟ್ಟವರಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೋದರೆ ಬಾಗಿಲಿಗೆ ಚಿಲಕ. ಒಳಗೆ ಅಕ್ಕೋರ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಜಗಲಿಯ ಮೇಲೆ ಬಹಳ ಹೊತ್ತು ಕೂತೆ. ಕಡೆಗೆ ಬಾಗಿಲು ತೆಗೆದರು. ಕಣ್ಣು ಕೆಂಪಾಗಿತ್ತು. ಫೋನನ್ನು ನನ್ನ ಕೈಗೆ ಕೊಟ್ಟರು.

"ದೊಡ್ಡದಾಗಿ ಓದೂದು ಬೇಡ. ಸಮಾ ಬರ್ದದ್ಯಾ ಇಲ್ವಾ, ಅಷ್ಟೇ ನೋಡಿ ಹೇಳು. ಸಮಾ ಇದ್ರೆ ಪ್ರಿಂಟು ತೆಗ್ಸಿ ಟಪಾಲಿಗೆ ಹಾಕೂದದೆ."

ಅದೊಂದು ಪತ್ರವಾಗಿತ್ತು. ಸುಂಕಸಾಳದಲ್ಲಿರುವ ಇನ್ನೊಬ್ಬ ಅಕ್ಕೋರಿಗೆ. ಹರೆಯದಲ್ಲಿ ಇಬ್ಬರೂ ರಾಮನಗುಳಿಯ ಶಾಲೆಯಲ್ಲಿದ್ದು ಒಂದೇ ಕೋಣೆಯಲ್ಲಿ ಒಂಬತ್ತು ವರ್ಷ ಕಳೆದವರು. ಗಂಗಾವಳಿ ಹೊಳೆಯಲ್ಲಿ ಬಟ್ಟೆ ಒಗೆದದ್ದು, ಭಾನುವಾರ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚಿದ್ದು, ಒಂದೇ ಕೊಡೆಯಲ್ಲಿ ಶಾಲೆಗೆ ಹೋದದ್ದು ಎಲ್ಲ ಇತ್ತು. ವರ್ಗಾವಣೆ ಬೇಕೆಂದರೆ ಇಬ್ಬರೂ ಒಟ್ಟಿಗೇ ಅರ್ಜಿ ಹಾಕುವುದು, ಒಬ್ಬರನ್ನು ಬಿಟ್ಟು ಒಬ್ಬರು ಹೋಗುವುದಿಲ್ಲ ಎಂದು ಅವರಲ್ಲಿ ಮಾತಾಗಿತ್ತಂತೆ. ಕಾರವಾರದ ಕಡೆ ಒಂದೇ ಒಂದು ಜಾಗ ಖಾಲಿಯಾದಾಗ ನಮ್ಮ ಅಕ್ಕೋರು ತಾಯಿಯ ಕಾಯಿಲೆಗೆಂದು ಗುಟ್ಟಾಗಿ ಅರ್ಜಿ ಹಾಕಿದರು. ಹಾಕಿದ್ದೀಯಾ ಎಂದು ಗೆಳತಿ ಕೇಳಿದಾಗ ಇಲ್ಲ ಎಂದರು. ಆರ್ಡರು ಶಾಲೆಗೆ ಬಂದು, ಅದನ್ನು ಗೆಳತಿಯೇ ಒಡೆದು ಓದಿದಳು. ಅವತ್ತಿನಿಂದ ಮಾತಿಲ್ಲ. ನಲವತ್ತು ವರ್ಷ... ಅದಕ್ಕೆ ಈಗ ಕ್ಷಮೆ ಕೇಳಿದ್ದರು.

ಕೊನೆಯಲ್ಲಿ ಹೀಗಿತ್ತು: "ನಿನ್ನ ನಂತರ ನನ್ನ ಹತ್ತಿರ ಬಹಳ ಜನ ಬಂದು ಕೂತರು. ನಿನ್ನಷ್ಟು ಹತ್ತಿರದವರು ಯಾರೂ ಆಗಲಿಲ್ಲ."

ಬಂದು ಕೂತವಳು ನಾನು. ನಾಲ್ಕು ವರ್ಷ, ದಿನಾ ಮೂರು ಗಂಟೆಗೆ. ಆ ಪತ್ರದ ಉದ್ದಕ್ಕೂ ನನ್ನ ಸುದ್ದಿ ಇದ್ದದ್ದು ಅಷ್ಟೇ, ಅದೂ ಬಹಳ ಜನರ ಗುಂಪಿನಲ್ಲಿ. ಫೋನಿನ ಮೇಲಿನ ಸಿಟ್ಟೆಲ್ಲ ಒಂದೇ ಕ್ಷಣದಲ್ಲಿ ಕಾಣದ ಆ ಸುಂಕಸಾಳದವರ ಮೇಲೆ ತಿರುಗಿತು. ಪತ್ರದಲ್ಲಿ ಎರಡೋ ಮೂರೋ ತಪ್ಪಿದ್ದವು. ಅಂಥವನ್ನು ನಾನು ಚಹಾ ಆರುವುದರೊಳಗೆ ತಿದ್ದುತ್ತಿದ್ದೆ.

"ಇಲ್ಲ ಅಕ್ಕೋರೆ," ಅಂದೆ. "ಒಂದೂ ಸಮಾ ಬರ್ಲಿಲ್ಲ. ತಲೆಬುಡ ಇಲ್ಲ ಇದಕ್ಕೆ."

"ಎಲ್ಲಾನೂವಾ?"

"ಎಲ್ಲಾನೂವಾ."

ಅವರು ತಮ್ಮ ಕೈಗಳನ್ನೇ ನೋಡುತ್ತ ಕೂತರು. ಆಮೇಲೆ, ಹೋಗಲಿ ಅಳಿಸಿಬಿಡು ಎಂದರು. ನಾನು ಅಳಿಸಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಫೋನು ಕೂಡ ಒಮ್ಮೆ ಕೇಳಿತು. ಹೌದು ಎಂದು ಒತ್ತಿದೆ. ಒತ್ತಿ, ದನಿಯಲ್ಲಿ ಇದ್ದಬದ್ದ ಅಕ್ಕರೆಯೆಲ್ಲ ತಂದುಕೊಂಡು, ನನಗೆ ಹೇಳಿ ಅಕ್ಕೋರೆ, ಚಂದ ಮಾಡಿ ಬರೆದುಕೊಡುತ್ತೇನೆ ಎಂದೆ.

"ಅದು ನಿನ್ನ ಎದ್ರಿಗೆ ಬಾಯಿಬಿಟ್ಟು ಹೇಳೂ ಅಂಥದ್ದಲ್ಲ ತಂಗಿ," ಅಂದರು.

ಆ ಮೇಲೆ ಅವರು ಫೋನಿನಲ್ಲಿ ಬರೆಸಲಿಲ್ಲ. ಅದರ ಮೇಲೆ ಭರವಸೆ ಹೋಗಿತ್ತು. ನನ್ನ ಪೆನ್ನು, ನನ್ನ ಮೂರು ಗಂಟೆ, ಅಡುಗೆಮನೆಯ ಚಹಾಪುಡಿಯ ಡಬ್ಬಿ, ಎಲ್ಲ ನನಗೆ ವಾಪಸು ಬಂದವು. ನನಗೆ ಆಗ ಸಂತೋಷವೇ ಆಗಿತ್ತು, ಸುಳ್ಳು ಹೇಳಲಾರೆ. ಪತ್ರದ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆಗಾಲದಲ್ಲಿ ದನಿ ಕ್ಷೀಣವಾಯಿತು. ಹತ್ತಿರ ಕಿವಿಯಿಟ್ಟರೂ ಅರ್ಧ ಕೇಳುತ್ತಿರಲಿಲ್ಲ. ನವರಾತ್ರಿಗೆ ಮೊದಲೇ ಹೋಗಿಬಿಟ್ಟರು...

ಹನ್ನೆರಡನೆಯ ದಿನ ಸುಂಕಸಾಳದ ಅಕ್ಕೋರು ಬಂದಿದ್ದರು. ಕುಳ್ಳಗೆ, ಬಿಳಿ ತುರುಬು, ಕೈಯಲ್ಲೊಂದು ಬಟ್ಟೆಯ ಚೀಲ. ಯಾರೋ ನನ್ನನ್ನು ತೋರಿಸಿ, ಎಲ್ಲ ಬರೆದುಕೊಡುತ್ತಿದ್ದವಳು ಇವಳೇ ಎಂದರು. ಅವರು ನನ್ನನ್ನು ಆಚೆ ಕರೆದು, ಬರೆಸಿದ್ದರಲ್ಲಿ ತನ್ನ ಸುದ್ದಿ ಏನಾದರೂ ಇತ್ತಾ ಎಂದು ಕೇಳಿದರು. ನಿಮ್ಮ ಸುದ್ದಿ ನನ್ನ ಹತ್ತಿರ ಏನೂ ಬರೆಸಲಿಲ್ಲ ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಇವತ್ತಿಗೂ ಅದು ಚುಚ್ಚುತ್ತದೆ.

ಈ ವರ್ಷ ನನಗೂ ಮಗಳು ಹೊಸ ಫೋನು ತೆಗೆದುಕೊಟ್ಟಳು. ಅದರಲ್ಲೂ ಅದೇ ಮೈಕಿನ ಚಿತ್ರ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಆ ಪತ್ರದಲ್ಲಿ ನೆನಪಿದ್ದಷ್ಟನ್ನು ಹೇಳುತ್ತ ಹೋದೆ. ಅಷ್ಟು ಉದ್ದದ ಪತ್ರದಲ್ಲಿ ಹತ್ತು ಸಾಲೂ ದಕ್ಕಲಿಲ್ಲ. ದಕ್ಕಿದ್ದೂ ಅಕ್ಕೋರ ಮಾತಿನ ಹಾಗೆ ಇರಲಿಲ್ಲ, ನನ್ನ ಮಾತಾಗಿತ್ತು. ಅವರು ಹೊಳೆಯ ಬಗ್ಗೆ ಏನೋ ಒಂದು ಬಹಳ ಚಂದದ್ದು ಹೇಳಿದ್ದರು... ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. ಕೊನೆಯ ಎರಡು ಸಾಲು ಮಾತ್ರ ಅಕ್ಷರ ಬಿಡದೆ ಬಾಯಿಗೆ ಬಂತು. ಅದನ್ನು ಫೋನಿಗೆ ಹೇಳಲಿಲ್ಲ.

ಹೋದ ತಿಂಗಳು ಯಲ್ಲಾಪುರದ ಬಸ್ಸು ಹತ್ತಿ ಸುಂಕಸಾಳಕ್ಕೆ ಹೋದದ್ದು ಫೋನು ಬರೆದುಕೊಂಡಷ್ಟನ್ನು ಓದಿ ಹೇಳಲು. ನಾನು ಮಾಡಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಕ್ಷಮೆ ಕೇಳಿದ ಭಾಗ ಓದಿದಾಗ ಸೆರಗಿನಿಂದ ಮುಖ ಒರೆಸಿಕೊಂಡರು.

"ವರ್ಗಾವಣೆ ಸಿಟ್ಟು ನಂಗೆ ಯಾವಾಗ್ಲೋ ಹೋಗಾಗಿತ್ತು," ಅಂದರು. "ಅವ್ಳಿಗೆ ನಾ ನೆನಪಿದ್ನಾ ಇಲ್ವಾ ಅಂತೇಳೇ ಗೊತ್ತಾಗ್ಬೇಕಿತ್ತು. ಮತ್ತೆಂತಾದ್ರೂ ಹೇಳಿದ್ಲಾ?"

ಆ ಸಾಲು ನಾಲಿಗೆಯ ತುದಿಯಲ್ಲಿತ್ತು. "ಇಷ್ಟೇ," ಅಂದೆ.

ಅವರು ತಲೆಯಾಡಿಸಿದರು. ಎಳನೀರು ಕೊಟ್ಟರು. ಬಸ್ಸು ಬರುವ ತನಕ ರಸ್ತೆಯ ಬದಿ ನನ್ನ ಜೊತೆ ನಿಂತರು. ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಮನೆಗೆ ಬಂದ ಮೇಲೆ ಎಷ್ಟೋ ಸಲ ಅವರ ಹೆಸರು ತೆಗೆದು, ಮೈಕು ಒತ್ತಿ, ಬಾಯಿ ತೆರೆದು ಕೂತಿದ್ದೇನೆ. ನಾನು ತಡವರಿಸುವಷ್ಟರಲ್ಲಿ ಅದು ತಾನಾಗಿಯೇ ಆರಿಹೋಗುತ್ತದೆ. ಅಕ್ಕೋರು ಇಲ್ಲ, ಅವರ ಪತ್ರ ಇಲ್ಲ. ಉಳಿದದ್ದು ಆ ಎರಡು ಸಾಲು, ಅದೂ ನನ್ನದಲ್ಲ. ಆದರೂ ಕೊಡಲು ಮನಸ್ಸು ಬರುತ್ತಿಲ್ಲ. ಆ ಮಾತು ನನಗೆ ಸಿಗಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಸುಂಕಸಾಳದ ಅಕ್ಕೋರಿಗೆ ಎಂಬತ್ತರ ಹತ್ತಿರ ಬಂತು. ಇದನ್ನು ಓದಿದ ಯಾರಾದರೂ ಆ ದಾರಿಯಲ್ಲಿ ಹೋಗುವವರಿದ್ದರೆ, ಬಸ್ಸು ಇಳಿದು ಹಳೆಯ ಅಕ್ಕೋರ ಮನೆ ಎಲ್ಲಿ ಎಂದು ಕೇಳಿ, ಯಾರು ಬೇಕಾದರೂ ತೋರಿಸುತ್ತಾರೆ. ಆ ಎರಡು ಸಾಲನ್ನು ಅವರಿಗೆ ಹೇಳಿಬಿಡಿ. ನನ್ನಿಂದ ಆಗುತ್ತಿಲ್ಲ.