ಎಷ್ಟು ರಾತ್ರಿ?
ಮನೆಯ ಒಂದೆರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರಲ್ಲ, ಅವರ ಮೇಲೆ ರಾತ್ರಿಗಿಷ್ಟು ಎಂದು ಬೀಳುವ ವಸತಿ ತೆರಿಗೆಯನ್ನು ಲೆಕ್ಕ ಹಾಕಿ ಕಟ್ಟಿಕೊಡುವುದು ಈತನ ಕಸುಬು, "ಎಷ್ಟು ರಾತ್ರಿ?" ಎನ್ನುವುದೇ ಈತನ ನಮಸ್ಕಾರ. "ನಾಲ್ಕು ಜನ ಬಂದಿದ್ರು ಸಾರ್" ಎಂದರೆ "ಜನ ಬೇಡ, ರಾತ್ರಿ ಹೇಳಿ" ಎನ್ನುತ್ತಾನೆ. ಕೋಣೆ ತಿಂಗಳಿಡೀ ಖಾಲಿ ಬಿದ್ದಿದ್ದರೂ ಸೊನ್ನೆ ಎಂದು ಬರೆಸಿ ಸಹಿ ಹಾಕಿಸಿಕೊಳ್ಳದೆ ಬಿಡುವ ಆಸಾಮಿಯಲ್ಲ. ಗೆಳೆಯ ಆಸ್ಪತ್ರೆ ಸೇರಿದಾಗ ಹಾಸಿಗೆಯ ಪಕ್ಕ ಕೂತು ಮೊದಲು ಕೇಳಿದ್ದೂ ಅದನ್ನೇ. ಮೂವತ್ತು ರಾತ್ರಿ ದಾಟಿದವರು ಅತಿಥಿಯಲ್ಲ, ನಿವಾಸಿ, ಅವರಿಗೆ ತೆರಿಗೆಯಿಲ್ಲ ಎಂಬ ನಿಯಮವನ್ನು ಕೇಳಿದವರಿಗೂ ಕೇಳದವರಿಗೂ ಒಪ್ಪಿಸುತ್ತಾನೆ. ಗಂಡನ ಮನೆ ಬಿಟ್ಟು ಬಂದ ತಂಗಿ "ಎರಡು ದಿನ ಇದ್ದು ಹೋಗ್ತೀನಣ್ಣ" ಎಂದಾಗ ಮಾತ್ರ ಆ ಪ್ರಶ್ನೆ ಬಾಯಿಗೆ ಬರಲಿಲ್ಲ. ಎರಡು ದಿನ ಹತ್ತಾಯಿತು, ಇಪ್ಪತ್ತಾಯಿತು. ಅವಳು ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಮತ್ತೆ ಅದರೊಳಗೇ ಮಡಚಿಡುತ್ತಿದ್ದಳು. ಒಂದು ಚಮಚ ಸಕ್ಕರೆಗೂ ಅತ್ತಿಗೆಯನ್ನು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಈತ ತನ್ನ ಬೀರುವಿನ ಎರಡು ಖಾನೆ ಖಾಲಿ ಮಾಡಿ, ಹೊಸದಾಗಿ ಮಾಡಿಸಿದ ಮನೆಯ ಬೀಗದಕೈಯನ್ನು ಅವಳ ತಟ್ಟೆಯ ಪಕ್ಕ ಇಟ್ಟ. "ಇದ್ಯಾಕಣ್ಣ?" ಎಂದಳು. "ನಿನ್ನೆಗೆ ಮೂವತ್ತು ಆಯ್ತಮ್ಮ" ಎಂದ ಅವಳ ಮುಖ ನೋಡದೆ, "ಇನ್ಮೇಲೆ ನೀನು ಅತಿಥಿ ಅಲ್ಲ. ರೂಲೇ ಹಾಗಿದೆ, ನಾನೇನು ಮಾಡ್ಲಿ?"