ಬಾವಿಗಾಗಿ ಹಾಕಿದ ವೋಟು

ನಾನು ಮದುವೆಯಾಗಿ ಬಂದದ್ದು ಭೇರ್ಯದ ಕಡೆಯ ಒಂದು ಕೊಪ್ಪಲಿಗೆ. ದೊಡ್ಡೂರಿನ ಪಂಚಾಯಿತಿಗೆ ಸೇರಿದ್ದು; ಮನೆಗಳು ಕಡಿಮೆ, ನಮ್ಮ ಮಾತು ನಡೆಯುತ್ತಿದ್ದದ್ದು ಇನ್ನೂ ಕಡಿಮೆ. ಕುಡಿಯುವ ನೀರಿಗೆ ಕೆರೆಯಂಚಿನ ಗುಂಡಿಯೇ ಗತಿ. ದನ ಇಳಿಯುತ್ತಿದ್ದದ್ದೂ ಅಲ್ಲಿಯೇ. ಒಂದು ಬಾವಿ ತೋಡಿಸಿಕೊಡಿ ಎಂದು ಗಂಡಸರು ಚೇರ್ಮನ್ನರ ಮನೆ ಮುಂದೆ ಕೈಕಟ್ಟಿ ನಿಂತು ಬರುತ್ತಿದ್ದರು. ಬಾವಿ ಮಂಜೂರೂ ಆಯಿತು. ಆದರೆ ಅದನ್ನು ತೋಡಿದ್ದು ಚೇರ್ಮನ್ನರ ತೆಂಗಿನ ತೋಟದಲ್ಲಿ, ಮುಳ್ಳುಬೇಲಿಯ ಒಳಗೆ.

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂತು. ನಮ್ಮ ಭಾವನ, ಎಂದರೆ ನನ್ನ ಗಂಡನ ಅಣ್ಣನ, ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳಿಗೆ ಒಬ್ಬಳೇ ಮಗಳು, ಆಗತಾನೇ ಮಾತು ಕೂಡಿಸಿ ಆಡಲು ಕಲಿತಿದ್ದಳು. ಗಾಡಿ ಕಟ್ಟಿ ಕೆ.ಆರ್. ನಗರದ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಿಂದಲೇ ಗಾಡಿ ಹಿಂದಕ್ಕೆ ಬಂತು. ಅಕ್ಕ ಮಗುವನ್ನು ತೊಡೆಯ ಮೇಲಿಂದ ಇಳಿಸಲು ಯಾರಿಗೂ ಬಿಡಲಿಲ್ಲ.

ಮಣ್ಣು ಮಾಡಿ ಹಾಲು ತುಪ್ಪ ಬಿಟ್ಟು ಬಂದ ದಿನ ನನ್ನ ಗಂಡ ಸೀಮೆಎಣ್ಣೆ ಡಬ್ಬ ಹಿಡಿದು ಜಗಲಿಯಲ್ಲಿ ನಿಂತರು.

"ಆ ಚೇರ್ಮನ್ನನ ಬಣವೆ ಒಂದೂ ಉಳ್ಸಲ್ಲ, ಅತ್ಗೆ. ಉರ್ದೋಗ್ಲಿ."

ಭಾವ ತಲೆ ಎತ್ತಲಿಲ್ಲ. ಅಕ್ಕನೇ ಒಳಗಿಂದ ಎದ್ದು ಬಂದಳು.

"ಬಣವೆ ಸುಟ್ರೆ ಅವನ ದನ ಉಪಾಸ ಬೀಳ್ತವೆ. ನಿನ್ನ ಪೊಲೀಸ್ನೋರು ಎಳ್ಕೊಂಡೋಯ್ತಾರೆ. ನನ್ ಮಗು ಎದ್ದು ಬತ್ತದಾ?"

"ಮತ್ತೆ ಸುಮ್ಕಿರಾದಾ?"

"ಸುಗ್ಗಿ ಮುಗುದ್ಮೇಲೆ ವೋಟು ಐತಂತಲ್ಲ. ಅವನ್ನ ಅಲ್ಲಿಂದ ಇಳ್ಸಾನ."

ನನ್ನ ಗಂಡ ಡಬ್ಬವನ್ನು ಕುಕ್ಕಿ ಹೊರಟುಹೋದರು. ಆದರೆ ಬಣವೆಗೆ ಬೆಂಕಿ ಬೀಳಲಿಲ್ಲ.

ಮಳೆಗಾಲವೆಲ್ಲ ಅಕ್ಕ ಬಿಡುವಾದಾಗಲೆಲ್ಲ ಮನೆಮನೆಗೆ ಹೋದಳು. ಮಗಳ ಸುದ್ದಿ ಎತ್ತುತ್ತಿರಲಿಲ್ಲ. "ಈ ನೀರ್ನೇ ಅಲ್ವಾ ಕಣವ್ವ, ನಿಮ್ ಮಕ್ಳೂ ಕುಡಿಯಾದು," ಎಂದಷ್ಟೇ ಹೇಳಿ, ಉತ್ತರಕ್ಕಾಗಿ ನಿಲ್ಲುತ್ತಿದ್ದಳು. ಚೇರ್ಮನ್ನರ ಎದುರು ನಿಲ್ಲಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ನಿಂತದ್ದು ಭಾವ. ನಾಲ್ಕು ಜನರ ಮುಂದೆ ಬಾಯಿ ಬಿಡದ ಮನುಷ್ಯ. ಹೆಂಡತಿಯ ಮುಖ ನೋಡಲಾರದೆ ಒಪ್ಪಿಕೊಂಡರೇನೋ ಎಂದು ಈಗಲೂ ಅನ್ನಿಸುತ್ತದೆ.

ವೋಟಿನ ದಿನ ಹೆಂಗಸರೆಲ್ಲ ದೊಡ್ಡೂರಿನ ಸ್ಕೂಲಿಗೆ ನಡೆದೆವು. ನನಗೂ ಅದೇ ಮೊದಲ ವೋಟು. ಚೀಟಿ ಕೊಡುವ ಗುಮಾಸ್ತರು ಗಂಡನ ಹೆಸರು ಕೇಳುತ್ತಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದವರು ನಾವು. ಮುಂದಿದ್ದ ಹೆಂಗಸು ಸೆರಗು ಕಚ್ಚಿ ನಿಂತು, ಹೆಸರು ಹೇಳಲಾರದೆ ವಾಪಸ್ಸು ಹೊರಟಳು. ಬಾಗಿಲಲ್ಲಿ ಕೂತಿದ್ದ ಚೇರ್ಮನ್ನರ ಕಡೆಯವನೊಬ್ಬ ನಕ್ಕ.

"ಗಂಡನ ಎಸ್ರೇ ಗೊತ್ತಿಲ್ದೋರು ವೋಟ್ ಆಕಾಕ್ ಬಂದವ್ರೆ ಕಣ್ಲಾ!"

ಅಕ್ಕ ಮುಂದೆ ಹೋದಳು. ಭಾವನ ಹೆಸರನ್ನು, ಹೊರಗಿನವರಿಗೂ ಕೇಳುವಂತೆ, ಅವರಪ್ಪನ ಹೆಸರನ್ನೂ ಸೇರಿಸಿ ಹೇಳಿದಳು. ನಾನೂ ಹೇಳಿದೆ. ಹೊರಟಿದ್ದ ಹೆಂಗಸು ತಿರುಗಿ ಬಂದಳು. ಪರದೆಯ ಹಿಂದೆ ಎರಡು ಪೆಟ್ಟಿಗೆಗಳಿದ್ದವು. ಭಾವನದ್ದಕ್ಕೆ ಏಣಿಯ ಚಿತ್ರ ಅಂಟಿಸಿದ್ದರು. ಚೀಟಿ ಒಳಗೆ ಬಿದ್ದ ಸದ್ದೂ ಆಗಲಿಲ್ಲ. ಇಷ್ಟೇನಾ ಎನ್ನಿಸಿತು.

ಭಾವ ಸೋತರು. ನಮ್ಮ ಕೊಪ್ಪಲು ಒಂದಾಗಿತ್ತು, ದೊಡ್ಡೂರು ದೊಡ್ಡದಿತ್ತು. ಬೆಳೆಯಲ್ಲಿ ಪಾಲು ಕೊಟ್ಟು ನಾವು ವಾರಕ್ಕೆ ಮಾಡುತ್ತಿದ್ದ ಗದ್ದೆ ಚೇರ್ಮನ್ನರ ನೆಂಟರದು. ಮುಂಗಾರಿಗೆ ಅದನ್ನು ಬೇರೆಯವರಿಗೆ ಕೊಟ್ಟರು. ಭಾವ ಕೂಲಿಗೆಂದು ಕೊಡಗಿನ ಕಾಫಿ ತೋಟಕ್ಕೆ ಹೋದರು. ಹಬ್ಬಕ್ಕೊಮ್ಮೆ ಬರುತ್ತಿದ್ದರು, ಚಳಿಜ್ವರ ಹೊತ್ತುಕೊಂಡು. "ಆ ಎಸ್ರು ಯೋಳಿದ್ಕೇ ಇಂಗಾತು," ಎಂದು ಕೆಲವರು ಆಡಿಕೊಂಡರು. ಅಕ್ಕನ ಕಿವಿಗೂ ಅದು ಬಿದ್ದಿತ್ತು. ಅವಳ ಊಟ ಕಡಿಮೆಯಾಯಿತು.

ಮತ್ತೆ ಚುನಾವಣೆ ಬಂದಾಗ ನಾನು ಹಿಂಜರಿದೆ. "ಓದ್ಸಲ ಏನಾತು ನೋಡ್ಲಿಲ್ವಾ ಅಕ್ಕ?"

"ನೋಡ್ದೆ. ಅದ್ಕೆ ಮನೇಲಿ ಕೂತ್ರೆ ಅವ್ನೇ ಇರ್ತಾನೆ. ಸೀರೆ ಉಟ್ಕೊ, ನಡಿ."

ಆ ಸಲ ದೊಡ್ಡೂರಿನವರೇ ಒಡೆದಿದ್ದರು. ಅಲ್ಲಿಯದೇ ಇನ್ನೊಬ್ಬರು ಗೆದ್ದರು. ನಮ್ಮ ಮೇಲಿನ ಮಮತೆಯಿಂದಲ್ಲ, ಕೊಪ್ಪಲಿನ ವೋಟಿಲ್ಲದೆ ಗೆಲ್ಲುತ್ತಿರಲಿಲ್ಲ ಎಂಬ ಲೆಕ್ಕದಿಂದ ನಮ್ಮಲ್ಲೇ ಬಾವಿ ತೋಡಿಸಿದರು. ಕಲ್ಲುಬಂಡೆ ಸಿಗುತ್ತದೆ, ತಿಂಗಳುಗಟ್ಟಲೆ ಕೆಲಸ ಎಂದು ಹಳೆಯ ಚೇರ್ಮನ್ನರು ಹೆದರಿಸಿದ್ದರು. ಬಂಡೆ ಸಿಗಲಿಲ್ಲ. ಮೊದಲ ದಿನವೇ ಆಳುಗಳು ಬುತ್ತಿ ಬಿಚ್ಚುವ ಹೊತ್ತಿಗೆ, ಗುಂಡಿಯೊಳಗೆ ನಿಂತವರ ತಲೆ ಇನ್ನೂ ಮೇಲಕ್ಕೆ ಕಾಣುತ್ತಿರುವಾಗಲೇ, ಮಣ್ಣು ಒದ್ದೆಯಾಯಿತು. ಸಂಜೆಗೆ ನೀರು ಉಕ್ಕಿತು. ಎಲ್ಲರೂ ಕೇಕೆ ಹಾಕಿದರು.

ಅಕ್ಕ ಅಂಚಿಗೆ ಬಂದು ಬಗ್ಗಿ ನೋಡಿದಳು. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಇಷ್ಟೇ ಕೆಳುಗಿತ್ತೇನೆ ನೀರು?" ಎಂದಳು.