ಸಾಬೆಲ್ ಬಾಯಿಯ ಕಡಲೆ

ಕಳೆದ ಶನಿವಾರ ಸಂಜೆ, ಇಗರ್ಜಿಯ ಗಂಟೆ ಬಾರಿಸಿ ಸ್ವಲ್ಪ ಹೊತ್ತಾದ ಮೇಲೆ, ನಾನು ಸಾಬೆಲ್ ಬಾಯಿಯವರ ಬೇಲಿಯ ಹೊರಗೆ ನಿಂತಿದ್ದೆ. ಕೈಯಲ್ಲಿ ಕಂದೀಲು ಇತ್ತು. ಹೊತ್ತಿಸಿರಲಿಲ್ಲ.

ಹೊತ್ತಿಸಿದ್ದರೆ ಅವರಿಗೆ ಕಾಣುತ್ತಿತ್ತಲ್ಲ?

ಒಳಗೆ ಪ್ರಾರ್ಥನೆ ನಡೆದಿತ್ತು. ನಮ್ಮ ಕ್ರೈಸ್ತರ ಮನೆಗಳಲ್ಲಿ ಸಂಜೆ ಜಪಮಾಲೆ ಹಿಡಿದು ಹೇಳುವ ಪ್ರಾರ್ಥನೆ. ನಾವು ಅದಕ್ಕೆ ತೇರ್ಸ್ ಎನ್ನುತ್ತೇವೆ. (ಹೊನ್ನಾವರದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನಾ ನಿಮ್ಮ ಕಿವಿಗೆ ಬೀಳುತ್ತದೆ.) ಅದರಲ್ಲಿ ಒಂದು ಕ್ರಮವಿದೆ. ಮೊದಲರ್ಧವನ್ನು ಒಬ್ಬರು ಹೇಳಬೇಕು. ಉಳಿದರ್ಧವನ್ನು ಕೂಡಿದವರೆಲ್ಲ ಹೇಳಬೇಕು. ಹೀಗೆ ಐವತ್ತು ಸಲ.

ಸಾಬೆಲ್ ಬಾಯಿ ಎರಡೂ ಅರ್ಧವನ್ನು ತಾವೇ ಹೇಳುತ್ತಿದ್ದರು. ನಡುವೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಿದ್ದರು. ಆಗ ಇನ್ನೊಂದು ಹೆಣ್ಣುದನಿ, ಕತೆ ಕೇಳುವವರ ಹಾಗೆ, "ಹ್ಞೂಂ" ಎನ್ನುತ್ತಿತ್ತು.

ನಾನು ಒಳಗೆ ಹೋಗಲಿಲ್ಲ. ಮನೆಗೆ ಬಂದು ಗಂಜಿ ಉಂಡೆ.

ಯುದ್ಧ ಶುರುವಾಗಿ ಚಿಮಣಿ ಎಣ್ಣೆ ರೇಶನ್ ಆದ ಮೇಲೆ ನಮ್ಮ ಕೇರಿಯ ಆರು ಮನೆಯವರು ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಆರು ಮನೆಗೆ ಆರು ದೀಪ ಯಾಕೆ? ದಿನಕ್ಕೊಂದು ಮನೆಯಲ್ಲಿ ಕೂಡಿ ತೇರ್ಸ್ ಹೇಳುವುದು. ಆ ಮನೆಯವರು ಕೊನೆಗೆ ಎಲ್ಲರಿಗೂ ಒಂದು ಹಿಡಿ ಬೇಯಿಸಿದ ಕಡಲೆ ಕೊಡುವುದು. ಯಾವ ದಿನ ಯಾರ ಮನೆ ಎಂಬ ಲಿಸ್ಟ್ ಬರೆಯುವವನು ನಾನು. ಶಾಲಾ ಮಾಸ್ತರನಲ್ಲವೇ, ಟೈಮ್‌ಟೇಬಲ್ ಬರೆದು ಕೈ ಪಳಗಿದೆ. ಪ್ರಾರ್ಥನೆಯ ಮೊದಲರ್ಧ ಹೇಳುವವನೂ ನಾನೇ.

ಶನಿವಾರ ಸಾಬೆಲ್ ಬಾಯಿಯವರದು.

ಅವರ ಗಂಡ ಬೊಂಬಾಯಿಯಲ್ಲಿ ಆಗಬೋಟಿನ ಅಡಿಗೆಯವನಾಗಿದ್ದ. ಎರಡು ವರ್ಷದ ಹಿಂದೆ ಹಡಗು ಮುಳುಗಿತು ಎಂದು ಒಂದು ಕಾಗದ ಬಂತು. ಹೆಣ ಬರಲಿಲ್ಲ. ಮಣ್ಣು ಮಾಡುವ ಭಾಗ್ಯವೂ ಇಲ್ಲ. ಅಂದಿನಿಂದ ಅವರು ಇಗರ್ಜಿಗೆ ಬರುವುದು ಬಿಟ್ಟರು, ತೇರ್ಸಿಗೂ ಬಿಟ್ಟರು. ನಾನು ಬುದ್ಧಿ ಹೇಳಲು ಹೋದೆ. ಕಷ್ಟ ಎಂದರೆ ದೇವರು ಇಡುವ ಪರೀಕ್ಷೆ ಎಂದೆ.

"ಪರೀಕ್ಷೆ ಇಟ್ಟವ ರಿಸಲ್ಟ್ ಹೇಳಬೇಕಲ್ಲ ಮಾಸ್ತ್ರೇ? ನಿಮ್ಮ ಶಾಲೆಲಾದ್ರೂ ಹೇಳ್ತ್ರಿ" ಎಂದರು. ನನಗೆ ಸಿಟ್ಟು ಬಂತು.

ಈ ವರ್ಷ ಊರಿಗೆ ಸಿಡುಬು ಬಂತು. ಬೇನೆ ಬಿದ್ದವರನ್ನು ಊರ ಹೊರಗೆ ಗರಿ ಹೊದಿಸಿದ ಷೆಡ್ಡಿಗೆ ಸಾಗಿಸಿದರು. ನೋಡಿಕೊಳ್ಳುವವರು ಯಾರು? ಚಿಕ್ಕಂದಿನಲ್ಲಿ ಒಮ್ಮೆ ಅದೇ ಬೇನೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲವಂತೆ. ಸಾಬೆಲ್ ಬಾಯಿಯವರ ಮುಖದ ತುಂಬ ಆ ಕಲೆಗಳಿವೆ. ಅವರು ಚಾಪೆ ಸುತ್ತಿಕೊಂಡು ಹೊರಟರು. ಏಳು ವಾರ ಅಲ್ಲೇ ಇದ್ದರು. ಕೊನೆಯ ರೋಗಿಯೂ ಮನೆಗೆ ಹೋದ ಮೇಲೆ ಷೆಡ್ಡು ಸುಟ್ಟರು. ಇವರಿಂದ ಯಾರಿಗೂ ಅಪಾಯವಿಲ್ಲ ಎಂದು ಡಾಕ್ಟರರೇ ಬರೆದುಕೊಟ್ಟರು. ಆ ಚೀಟಿ ಓದಿದವನು ನಾನೇ.

ಕಳೆದ ವಾರ ಸಾಬೆಲ್ ಬಾಯಿ ನನ್ನ ಜಗಲಿಗೆ ಬಂದು, "ಲಿಸ್ಟಿನಲ್ಲಿ ನನ್ನ ಶನಿವಾರ ಮತ್ತೆ ಬರೀರಿ ಮಾಸ್ತ್ರೇ" ಎಂದರು. ಆತು ಎಂದೆ.

ಶುಕ್ರವಾರ ಉಳಿದ ನಾಲ್ಕು ಮನೆಗೆ ಹೋಗಿ ಹೇಳಿದೆ: ನಾಳೆ ಅವರವರ ಮನೆಯಲ್ಲೇ ಹೇಳಿಕೊಳ್ಳುವಾ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಸಾಬೆಲ್ ಬಾಯಿಯವರಿಗೆ ಮಾತ್ರ ಹೇಳಲಿಲ್ಲ.

ಹೆದರಿಕೆಯೇ? ನಾನು ಲಸಿಕೆ ಹಾಕಿಸಿಕೊಂಡವನು. ತೋಳಿನ ಮೇಲೆ ಗುರುತಿದೆ. ನಿಜ ಹೇಳುತ್ತೇನೆ, ಹೆದರಿಕೆ ಅರ್ಧದಷ್ಟು. ಉಳಿದರ್ಧ, ನನ್ನ ಬುದ್ಧಿಮಾತಿಗೆ ತಿರುಗದ ಹೆಂಗಸು ತಾನಾಗಿ ತಿರುಗಿದ್ದು ನನಗೆ ಸೇರಲಿಲ್ಲ. ಇಷ್ಟನ್ನು ಬರೆಯಲು ಮೂರು ದಿನ ಬೇಕಾಯಿತು.

ಭಾನುವಾರ ಪೂಜೆ ಮುಗಿಸಿ ಬಂದರೆ ಸಾಬೆಲ್ ಬಾಯಿ ಬಾಗಿಲಲ್ಲಿ. ಕೈಯಲ್ಲಿ ಬಾಳೆಲೆಯ ಪೊಟ್ಟಣಗಳು.

"ನಿನ್ನೆ ಯಾರೂ ಬರಲೇ ಇಲ್ಲ. ಕಡಲೆ ಉಳೀತು. ಹಾಳಾಗೂದು ಬೇಡ ಅಂತ ಮನೆಮನೆಗೆ ಕೊಡ್ತಾ ಬಂದೆ." ಅವರ ದನಿಯಲ್ಲಿ ದೂರು ಇರಲಿಲ್ಲ. "ಮಂಗಳವಾರ ನಾನು ಕುಮಟೆಗೆ ಹೋಗ್ತೆ. ಅಲ್ಲೂ ಬೇನೆ ಎದ್ದದೆಯಂತೆ. ಕರೆ ಬಂದದೆ."

ಅವರು ಹೋದ ಮೇಲೆ ಹೆಂಡತಿ ಪೊಟ್ಟಣ ಹಿಡಿದು ನನ್ನ ಮುಖ ನೋಡಿದಳು.

"ಕೋಳಿಗೆ ಹಾಕು" ಎಂದೆ.

ಹಾಕಿದಳು. ಕೋಳಿಗಳು ತಿನ್ನುವುದನ್ನು ನಾನು ನಿಂತು ನೋಡಿದೆ. ಆ ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಬಡಗಿ ಪಾವ್ಲುವಿನ ಮನೆಯ ಸರದಿ. ಇವತ್ತು ಮೊದಲರ್ಧ ನೀನೇ ಹೇಳು, ನಾನು ಸಾಬೆಲ್ ಬಾಯಿಯಲ್ಲಿಗೆ ಹೋಗುತ್ತೇನೆ ಎಂದೆ. ಪಾವ್ಲು ಉಳಿಯನ್ನು ಕೆಳಗಿಟ್ಟ.

"ಎಂತ ಮಾಸ್ತ್ರೇ, ಲಸಿಕೆ ಹಾಕಿಸ್ಕಂಡದ್ದು ಇವತ್ತು ನೆನಪಾತಾ?"

ಈ ಸಲ ಕಂದೀಲು ಹೊತ್ತಿಸಿಕೊಂಡು ಹೋದೆ.

ಒಳಗೆ ಚಾಪೆಯ ಮೇಲೆ ಹೊಳೆ ದಾಟಿಸುವ ಅಂಬಿಗರ ಮನೆಯ ನಾಗಿ ಕೂತಿದ್ದಳು. ಷೆಡ್ಡಿನಲ್ಲಿ ಬದುಕಿ ಉಳಿದವಳು. ಶನಿವಾರದ "ಹ್ಞೂಂ" ಅವಳದು. ಕ್ರೈಸ್ತಳಲ್ಲ, ಆಗುವ ವಿಚಾರವೂ ಅವಳಿಗಿಲ್ಲ.

"ಬನ್ನಿ ಮಾಸ್ತರೆ" ಎಂದಳು ನಾಗಿ. "ಬಾಯಿ ಎಲ್ಲಾ ಒಬ್ರೇ ಹೇಳ್ತ್ರು. ನಂಗೆ ಹ್ಞೂಂ ಅಂಬುದು ಬಿಟ್ರೆ ಬೇರೆ ಬರೂದಿಲ್ಲ."

ಇದು ಹೇಗೆ ಶುರುವಾಯಿತು ಎಂದು ಕೇಳಿದೆ. ಸಾಬೆಲ್ ಬಾಯಿ ಬತ್ತಿ ಸರಿಮಾಡುತ್ತ ಹೇಳಿದರು.

"ಷೆಡ್ಡಿನಲ್ಲಿ ಇವಳಿಗೆ ಕಣ್ಣು ಬಿಡೂಕೆ ಆಗ್ತಿರಲಿಲ್ಲ. ಹೆದರಿಕೆ. ಎಂತಾದ್ರೂ ಮಾತಾಡ್ತಾ ಇರು ಬಾಯಿ ಅಂತ ಒಂದೇ ಹಟ. ನನ್ನ ಹತ್ರ ಎಂತ ಮಾತು ಉಂಟು? ನಮ್ಮ ಮನೆಯವರು ಹೋದ ಮೇಲೆ ನಾಲಿಗೆ ಒಣಗಿತ್ತು. ಬಾಯಿಗೆ ಬಂದದ್ದು ಇದೊಂದೇ. ಅದೂ ಸಿಟ್ಟಲ್ಲೇ ಹೇಳಿದೆ. ಅರ್ಧ ಹೇಳಿ, ರೂಢಿ ಅಲ್ವಾ, ನಿಲ್ಲಿಸಿದೆ. ಉಳಿದದ್ದು ಹೇಳೂಕೆ ಅಲ್ಲಿ ಯಾರಿದ್ರು? ಆಗ ಇವಳು, ಮುಂದೆಂತ ಬಾಯಿ, ಅಂತ ಕೇಳಿದ್ಳು."

"ಕೇಳೂಕಿಲ್ವಾ ಮತ್ತೆ? ನಾ ಕತೆ ಅಂದ್ಕಂಡಿದ್ದೆ" ಎಂದಳು ನಾಗಿ.

ಸಾಬೆಲ್ ಬಾಯಿ ನಕ್ಕರು. ಆಮೇಲೆ ನಗಲಿಲ್ಲ.

"ನಾನು ದೇವರ ಹತ್ರ ಮಾತು ಬಿಟ್ಟಿದ್ದೆ ಮಾಸ್ತ್ರೇ. ಅವ ಬಿಟ್ಟಿರಲಿಲ್ಲ. ಇವಳ ಬಾಯಲ್ಲಿ ಮುಂದೆಂತ ಅಂತ ಕೇಳಿದ. ಈಗ ಕುಮಟೆಗೆ ಹೋಗೂದೂ ಅದಕ್ಕೇ."

ನಾನು ಜಪಮಾಲೆ ತೆಗೆದು, ಅಭ್ಯಾಸದಂತೆ, ಮೊದಲರ್ಧಕ್ಕೆ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಇವತ್ತು ನೀವು ಉತ್ತರ ಹೇಳಿ."

ಮೊದಲು ನನ್ನ ಮನೆಯಲ್ಲಿ, ಆಮೇಲೆ ಕೇರಿಯಲ್ಲಿ, ಹನ್ನೆರಡು ವರ್ಷ ಮೊದಲರ್ಧವನ್ನೇ ಹೇಳಿದವನು. ಉಳಿದರ್ಧ ಎರಡು ಸಲ ತಪ್ಪಿತು. ಅವರು ನನ್ನನ್ನು ತಿದ್ದಲಿಲ್ಲ, ಕಾದರು. ಐವತ್ತು ಸಲವೂ ನಾನು ಉತ್ತರ ಕೊಟ್ಟೆ. ಐವತ್ತು ಸಲವೂ ನಾಗಿ "ಹ್ಞೂಂ" ಎಂದಳು.

ಹೊರಡುವಾಗ ಬಾಗಿಲವರೆಗೆ ಬಂದ ಸಾಬೆಲ್ ಬಾಯಿ ಕೇಳಿದರು: "ಮೊನ್ನೆಯ ಕಡಲೆಗೆ ಉಪ್ಪು ಸರಿ ಇತ್ತಾ ಮಾಸ್ತ್ರೇ? ಅಂದಾಜಿನಲ್ಲಿ ಹಾಕಿದ್ದೆ."

"ಸರಿ ಇತ್ತು" ಎಂದೆ.

ನಿನ್ನೆ ಬೆಳಿಗ್ಗೆ ಅವರು ಕುಮಟೆಗೆ ಹೋದರು. ಅವರಿಗೆ ಓದು ಬಾರದು. ಅಲ್ಲಿ ಈ ಪತ್ರಿಕೆ ಓದುವವರು ಯಾರಾದರೂ ಇದ್ದರೆ, ಕೊನೆಯ ಸಾಲೊಂದನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ಸಾಬೆಲ್ ಬಾಯಿ, ಉಪ್ಪು ಹೇಗಿತ್ತೋ ನನಗೆ ಗೊತ್ತಿಲ್ಲ.